ಸೆರೆಮನೆಯಿಂದ ಆಸ್ಕರ್‌ವರೆಗೆ

ಪ್ರಶ್ನೆ: ಸೆರೆಮನೆಗೆ ಹೋಗಿಬಂದ ಮೇಲೂ ನಟ ರಾಬರ್ಟ್ ಡೌನಿ ಜೂನಿಯರ್ ಮತ್ತೆ ತಾರೆಯಾದದ್ದು ಹೇಗೆ?
– ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಉತ್ತರ: 1992ರ ‘ಚಾಪ್ಲಿನ್’ ಚಿತ್ರಕ್ಕಾಗಿ ಆಸ್ಕರ್ ನಾಮನಿರ್ದೇಶನ ಪಡೆದಿದ್ದ ಅವರು, ಮಾದಕ ವ್ಯಸನದ ಪ್ರಕರಣಗಳಿಂದಾಗಿ 1999ರಲ್ಲಿ ಕ್ಯಾಲಿಫೋರ್ನಿಯಾದ ಸೆರೆಮನೆ ಸೇರಿದರು. ಬಿಡುಗಡೆಯಾದ ಮೇಲೆ ಅವರಿಗೆ ದೊಡ್ಡ ತೊಡಕಾದದ್ದು ವಿಮೆ. ನಟ ಅರ್ಧದಲ್ಲೇ ಕೈಕೊಟ್ಟರೆ ಆಗುವ ನಷ್ಟವನ್ನು ತುಂಬಿಕೊಡುವ ವಿಮೆ ದೊರೆಯದಿದ್ದರೆ, ಹಾಲಿವುಡ್‌ನಲ್ಲಿ ಹಣ ಹೂಡುವವರು ಸಾಮಾನ್ಯವಾಗಿ ಚಿತ್ರೀಕರಣಕ್ಕೆ ಒಪ್ಪುವುದಿಲ್ಲ (ನಮ್ಮ ಗಾಂಧಿನಗರವಾಗಿದ್ದರೆ ಬಾಯಿಮಾತಿನ ಭರವಸೆಯೇ ಸಾಕಾಗುತ್ತಿತ್ತೇನೋ). 2003ರ ‘ದಿ ಸಿಂಗಿಂಗ್ ಡಿಟೆಕ್ಟಿವ್’ ಚಿತ್ರಕ್ಕೆ ಆ ವಿಮೆಯ ಹೊಣೆಯನ್ನು ಗೆಳೆಯ ಮೆಲ್ ಗಿಬ್ಸನ್ ಹೊತ್ತರು. 2008ರ ‘ಐರನ್ ಮ್ಯಾನ್’ ಹೆಸರನ್ನೇ ಎಲ್ಲರೂ ಹೇಳುವರಾದರೂ, ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು ಇದೇ. ಆಸ್ಕರ್ ಮಾತ್ರ 2024ರಲ್ಲಿ, ‘ಆಪನ್‌ಹೈಮರ್’ ಚಿತ್ರದ ಪೋಷಕ ಪಾತ್ರಕ್ಕೆ ದೊರೆಯಿತು.