ಲಾಯಕ್ಕೆ ಮರವಾ, ಸ್ಟೀಲಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ. ಹಾಗಾಗಿ ಒಟ್ಟಿಗೇ ಉತ್ತರಿಸುತ್ತಿದ್ದೇನೆ. ಮೊದಲನೆಯದು ತುಂಬಾ ದೂರದ ಊರಿನ ಲಾಯದ್ದು, ಅದಕ್ಕೇ ಜಾಸ್ತಿ ಜಾಗ ಹೋಗಿದೆ.

ಪ್ರಶ್ನೆ: ನಾವು ಶಿರಸಿ ಹತ್ತಿರದ ಅಡಿಕೆ ತೋಟದವರು. ಮಗಳು, ಅಳಿಯ ಕೆನಡಾದ ಆಲ್ಬರ್ಟಾದಲ್ಲಿದ್ದಾರೆ. ಊರಾಚೆ ಜಾಗ ತೆಗೆದುಕೊಂಡು ನಾಲ್ಕು ಕುದುರೆ ಸಾಕುವ ಆಸೆ ಅವರಿಗೆ. ಅಲ್ಲಿ ಚಳಿ ಮೈನಸ್ 30ರವರೆಗೂ ಹೋಗುತ್ತದಂತೆ. ಅಳಿಯ ಸ್ಟೀಲ್ ಲಾಯವೇ ಆಗಲಿ ಅಂತಾನೆ, ಮಗಳಿಗೆ ಮರದ್ದೇ ಬೇಕು. ನಾನು ಮರದ ಕೊಟ್ಟಿಗೆ ನೋಡಿಕೊಂಡೇ ಬೆಳೆದವನು. ಕಬ್ಬಿಣದ ಗೋಡೆಯೊಳಗೆ ಪ್ರಾಣಿ ಚಳಿಗೆ ಸಾಯುವುದಿಲ್ಲವಾ?

ಉತ್ತರ: ನಿಮ್ಮ ಅಳಿಯನ ಮಾತು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲು ಮಗಳದ್ದು, ಅದನ್ನು ಬಿಟ್ಟರೆ ಕುದುರೆಗೆ ಕಷ್ಟ.

ಮೊದಲು ಚಳಿಯ ಭಯ ಬಿಡಿ. ನಮ್ಮಲ್ಲಿ ಡಿಸೆಂಬರ್ ಬೆಳಗ್ಗೆ ಬಚ್ಚಲ ಒಲೆ ಮುಂದೆ ಕೂತರೆ ಏಳಲು ಮನಸ್ಸಾಗುವುದಿಲ್ಲ. ಕುದುರೆಯ ಲೆಕ್ಕ ಬೇರೆ. ಚಳಿಗಾಲ ಹತ್ತಿರ ಬಂದಂತೆ ಅದರ ಮೈಮೇಲೆ ದಪ್ಪ ರೋಮ ಬೆಳೆಯುತ್ತದೆ. ತಿಂದ ಒಣಹುಲ್ಲು ದೊಡ್ಡ ಕರುಳಿನಲ್ಲಿ ಹುದುಗುತ್ತಾ ಒಳಗಿಂದಲೇ ಬಿಸಿ ಕೊಡುತ್ತದೆ. ಮೈ ಒಣಗಿದ್ದು, ಗಾಳಿ ನೇರವಾಗಿ ಹೊಡೆಯದೆ, ಹೊಟ್ಟೆತುಂಬ ಹುಲ್ಲಿದ್ದರೆ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯನ್ನೂ ಅದು ತಡೆದುಕೊಳ್ಳುತ್ತದೆ. ತಡೆಯಲಾಗದ್ದು ಎರಡೇ: ಒದ್ದೆ ಮೈ, ಮತ್ತು ಮುಚ್ಚಿಟ್ಟ ಕೋಣೆಯ ಕೆಟ್ಟ ಗಾಳಿ.

ಸ್ಟೀಲಿನ ದೊಡ್ಡ ದೋಷ ಇರುವುದೂ ಇಲ್ಲೇ. ಬೇಸಿಗೆಯಲ್ಲಿ ತಣ್ಣನೆ ಕೋಕಂ ಶರಬತ್ತನ್ನು ಸ್ಟೀಲ್ ಲೋಟಕ್ಕೆ ಹಾಕಿದರೆ ಲೋಟದ ಹೊರಮೈ ತುಂಬ ನೀರಿಳಿಯುತ್ತದೆ, ಮರದ ಮರಿಗೆಗೆ ಹಾಕಿದರೆ ಅಷ್ಟು ಇಳಿಯುವುದಿಲ್ಲ ಅಲ್ವಾ? ಮರದ ಮೂಲಕ ದಾಟುವ ಶಾಖಕ್ಕಿಂತ ನೂರಾರು ಪಟ್ಟು ಜಾಸ್ತಿ ಶಾಖ ಸ್ಟೀಲಿನ ಮೂಲಕ ದಾಟುತ್ತದೆ. ಹೊರಗೆ ಮೈನಸ್ 30 ಇರುವಾಗ ಒಂಟಿ ತಗಡಿನ ಒಳಮೈ ಕೂಡ ಸೊನ್ನೆಯ ಕೆಳಗೇ ಇರುತ್ತದೆ. ಕೆಳಗೆ ನಾಲ್ಕು ಕುದುರೆ ಉಸಿರಾಡುತ್ತಿರುತ್ತವೆ. 500 ಕಿಲೋ ತೂಗುವ ಒಂದು ಕುದುರೆ ದಿನಕ್ಕೆ 25ರಿಂದ 40 ಲೀಟರ್ ನೀರು ಕುಡಿಯುತ್ತದೆ, ಅದರಲ್ಲಿ ಕೆಲವು ಲೀಟರ್ ಉಸಿರಿನ ಆವಿಯಾಗಿಯೇ ಹೊರಗೆ ಬರುತ್ತದೆ. ಆ ಆವಿ ಮೇಲೇರಿ ತಗಡಿಗೆ ತಾಗಿ ಹಿಮದ ಪದರವಾಗಿ ಕೂರುತ್ತದೆ. ಮಾಡಿಗೆ ಬಿಸಿಲು ಬಿತ್ತೋ, ಅಷ್ಟೂ ಕರಗಿ ಕುದುರೆಯ ಬೆನ್ನ ಮೇಲೆ, ಹಾಸಿನ ಮೇಲೆ ಹನಿಯುತ್ತದೆ. ಒದ್ದೆ ಹಾಸಿನಲ್ಲಿ ಗಂಜಲ ಕೊಳೆತು ಅಮೋನಿಯಾ ಏಳುತ್ತದೆ. ಕಣ್ಣುರಿಸುವ ಆ ವಾಸನೆ ಕೊಟ್ಟಿಗೆ ಕೆಲಸ ಮಾಡಿದ ನಿಮಗೆ ಹೇಳಬೇಕಾಗಿಲ್ಲ. ಕುದುರೆಯ ಶ್ವಾಸಕೋಶಕ್ಕೆ ಅದು ತುಂಬಾ ಕೆಟ್ಟದ್ದು. ಮಗಳಿಗೆ ಒಂದು ಮಾತು ಹೇಳಿ: ಲಾಯದ ಗಾಳಿ ಹೇಗಿದೆ ಅಂತ ನಿಂತುಕೊಂಡು ನೋಡಬಾರದು. ಮೊಣಕಾಲೂರಿ ಹಾಸಿನ ಹತ್ತಿರ ಮೂಗು ತಂದು ನೋಡಬೇಕು. ಕುದುರೆ ತಲೆ ತಗ್ಗಿಸಿ ತಿನ್ನುವುದು, ಮಲಗುವುದು ಆ ಮಟ್ಟದಲ್ಲೇ ತಾನೆ.

ಇದಕ್ಕೆ ಮದ್ದಿದೆ, ಅದಕ್ಕೇ ನಾನು ಸ್ಟೀಲಿನ ಕಡೆ ನಿಲ್ಲುವುದು. ತಗಡಿನ ಒಳಗೆ ಶಾಖ ತಡೆಯುವ ದಪ್ಪ ಪದರ ಬೇಕು. ಆ ಪದರಕ್ಕೆ ಆವಿ ನುಗ್ಗದಂತೆ ಒಳಬದಿಯಲ್ಲಿ, ಅಂದರೆ ಕುದುರೆ ಇರುವ ಬದಿಯಲ್ಲಿ, ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹಾಕಬೇಕು. ಹಾಳೆ ಹೊರಬದಿಗೆ ಹೋದರೆ ಆವಿ ಪದರದೊಳಗೇ ಸಿಕ್ಕಿ ನೀರಾಗಿ, ಎರಡೇ ಚಳಿಗಾಲದಲ್ಲಿ ಎಲ್ಲಾ ಒದ್ದೆ ಹತ್ತಿಯ ಹಾಗೆ ಆಗುತ್ತದೆ. ಪದರಕ್ಕೆ ರಾಕ್‌ವುಲ್ ಹಾಸೇ ವಾಸಿ, ಅಂದರೆ ಕಲ್ಲು ಕರಗಿಸಿ ಎಳೆದ ನಾರಿನದ್ದು, ಆಸ್ಬೆಸ್ಟಾಸ್ ಅಲ್ಲ. ಕೆಲವು ಫೋಮುಗಳು ಬೆಂಕಿ ತಗುಲಿದರೆ ವಿಷದ ಹೊಗೆ ಬಿಡುತ್ತವೆ, ಇಲಿಗಳೂ ಕೊರೆಯುತ್ತವೆ. ಇದೆಲ್ಲಾ ಮಾಡಿದ ಮೇಲೂ ಸೂರಿನಂಚಿನಲ್ಲಿ ಗಾಳಿ ಒಳಗೆ ಬರಲು ಸಂದು, ಮಾಡಿನ ನೆತ್ತಿಯಲ್ಲಿ ಹೊರಗೆ ಹೋಗಲು ಸಂದು ವರ್ಷವಿಡೀ ತೆರೆದೇ ಇರಬೇಕು. ಚಳಿ ಅಂತ ಪ್ರೀತಿಯಿಂದ ಎಲ್ಲಾ ಸಂದು ಮುಚ್ಚುವವರೇ ಜಾಸ್ತಿ. ಕುದುರೆಗಳು ಕೆಮ್ಮಲು ಶುರುಮಾಡುವುದು ಅಂಥ ಬೆಚ್ಚನೆಯ ಲಾಯದಲ್ಲೇ.

ಇಷ್ಟೆಲ್ಲಾ ತಾಪತ್ರಯ ಇದ್ದರೂ ಸ್ಟೀಲ್ ಯಾಕೆ? ಅಲ್ಲಿ ಮಾಡಿನ ಮೇಲೆ ಕೂರುವುದು ಮಳೆಯಲ್ಲ, ಹಿಮ. ಅದು ಹರಿದು ಹೋಗದೆ ವಾರಗಟ್ಟಲೆ ಭಾರ ಹೇರಿಕೊಂಡೇ ಇರುತ್ತದೆ. ಸ್ಟೀಲಿನ ಹಂದರ ನಡುಗಂಬ ಇಲ್ಲದೆ ಅಗಲವಾಗಿ ಆ ಭಾರ ಹೊರುತ್ತದೆ. ಅದು ಬಾಗುವುದಿಲ್ಲ, ತಿರುಚುವುದಿಲ್ಲ, ಬಾಗಿಲು ತೇವಕ್ಕೆ ಉಬ್ಬಿ ಸಿಕ್ಕಿಕೊಳ್ಳುವುದಿಲ್ಲ. ನೆಲದಲ್ಲಿ ಹುಗಿದ ಮರದ ಕಂಬ ಮಣ್ಣು ಸೇರುವ ಗೆರೆಯಲ್ಲೇ ಮೊದಲು ಕೊಳೆಯುವುದು, ಚಳಿ ದೇಶದಲ್ಲೂ ಅದು ತಪ್ಪಿದ್ದಲ್ಲ. ಇನ್ನೊಂದು, ಕುದುರೆ ಮರ ಕಡಿಯುತ್ತದೆ. ಚಳಿಗಾಲದಲ್ಲಿ ಒಳಗೇ ನಿಂತು ಬೇಸರವಾಗಿ ಪೈನ್ ಹಲಗೆಯ ಅಂಚನ್ನು ತಿಂದೇ ಮುಗಿಸುತ್ತದೆ. ಕೊಳೆಯದಿರಲಿ ಅಂತ ಆರ್ಸೆನಿಕ್ ಸೇರಿದ ಮದ್ದು ಅಥವಾ ಡಾಂಬರಿನಂಥ ಕ್ರಿಯೋಸೋಟ್ ಕುಡಿಸಿದ ಮರವನ್ನು ಕುದುರೆ ಬಾಯಿಗೆ ಸಿಗುವಲ್ಲಿ ಹಾಕಲೇಬಾರದು.

ಇನ್ನು ಮಗಳ ಪಾಲು. ಕುದುರೆ ಒದ್ದರೆ ತೆಳ್ಳನೆ ತಗಡು ಹರಿಯುತ್ತದೆ, ಹರಿದ ಅಂಚು ಕತ್ತಿಯಂತೆ ಕಾಲು ಕೊಯ್ಯುತ್ತದೆ. ಅದಕ್ಕೇ ಒಳಗೋಡೆಗೆ ನೆಲದಿಂದ ಕನಿಷ್ಠ ನಾಲ್ಕು, ಸಾಧ್ಯವಾದರೆ ಐದು ಅಡಿ ಎತ್ತರಕ್ಕೆ ಎರಡು ಇಂಚು ದಪ್ಪದ ಗಟ್ಟಿ ಮರದ ಹಲಗೆ ಹೊಡೆಯಬೇಕು. ಹಲಗೆಯ ಮೇಲಂಚಿಗೆ ಮಾತ್ರ ಸ್ಟೀಲ್ ಪಟ್ಟಿ, ಕಡಿಯದಂತೆ. ಹಲಗೆಯ ಮೇಲೆ ಸರಳು ಹಾಕುವುದಾದರೆ ನಡುವಿನ ಸಂದಿನಲ್ಲಿ ಗೊರಸು ತೂರಬಾರದು, ಮೂರು ಇಂಚಿನೊಳಗಿರಲಿ. ಭಾರ ಹೊರುವಲ್ಲಿ ಉಕ್ಕು, ಮೈ ತಾಗುವಲ್ಲಿ ಮರ ಅಂತ ಇಬ್ಬರಿಗೂ ಹೇಳಿ, ಜಗಳ ಮುಗಿಯುತ್ತದೆ. ನೀರಿನ ಬಟ್ಟಲು, ಬಾಗಿಲ ಚಿಲಕ ಬರೀ ಲೋಹದ್ದು ಬೇಡ. ಆ ಚಳಿಯಲ್ಲಿ ಒದ್ದೆ ತುಟಿ, ನಾಲಿಗೆ ಲೋಹಕ್ಕೆ ಅಂಟಿಕೊಂಡರೆ ಚರ್ಮ ಕಿತ್ತು ಬರುತ್ತದೆ. ನೀರು ಹೆಪ್ಪುಗಟ್ಟದಂತೆ ಬಿಸಿ ಮಾಡುವ ಬಟ್ಟಲು ಸಿಗುತ್ತದೆ, ಅದಕ್ಕೆ ಖರ್ಚು ಮಾಡಲಿ. ತೀರಾ ತಣ್ಣಗಿನ ನೀರನ್ನು ಕುದುರೆ ಕಡಿಮೆ ಕುಡಿಯುತ್ತದೆ, ಒಣಹುಲ್ಲು ಕರುಳಲ್ಲಿ ಗಟ್ಟಿಯಾಗಿ ಹೊಟ್ಟೆಶೂಲೆ ಬರುತ್ತದೆ. ಕುದುರೆ ಸಾಕುವವರು ಚಳಿಗಿಂತ ಹೆದರುವುದು ಇದಕ್ಕೆ.

ಕಟ್ಟುವವರಿಗೆ ಕೇಳಲು ಇನ್ನೆರಡು ಮಾತು. ಮೈನಸ್ 30ರಿಂದ ಬೇಸಿಗೆಯ 30 ಡಿಗ್ರಿಗೆ ಹೋಗುವಾಗ 20 ಮೀಟರ್ ಉದ್ದದ ಸ್ಟೀಲ್ ಹೆಚ್ಚುಕಡಿಮೆ ಒಂದೂವರೆ ಸೆಂಟಿಮೀಟರ್ ಹಿಗ್ಗುತ್ತದೆ, ಅದಕ್ಕೆ ಜಾಗ ಬಿಟ್ಟಿದ್ದಾರಾ? ಅಡಿಪಾಯವನ್ನು ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಇಳಿಸಿದ್ದಾರಾ? ಇಲ್ಲದಿದ್ದರೆ ಹೆಪ್ಪುಗಟ್ಟಿದ ಮಣ್ಣು ಉಬ್ಬಿ ಕಂಬವನ್ನೇ ಎತ್ತುತ್ತದೆ. ಮಾಡಿನಿಂದ ಹಿಮ ಧಡಾರನೆ ಒಟ್ಟಿಗೇ ಜಾರಿದರೆ ಕುದುರೆ ಬೆದರುತ್ತದೆ, ಬಾಗಿಲ ಮೇಲಿನ ಸೂರಿಗಾದರೂ ತಡೆಪಟ್ಟಿ ಇರಲಿ.

ಬೆಂಕಿಯ ವಿಷಯದಲ್ಲಿ ಸ್ಟೀಲ್ ಇದೆ ಅಂತ ನಿಶ್ಚಿಂತೆ ಬೇಡ. ಅದು ಉರಿಯುವುದಿಲ್ಲ, ನಿಜ. ಆದರೆ 550ರಿಂದ 600 ಡಿಗ್ರಿಗೆ ಕಾದರೆ ಅದರ ಬಲ ಸುಮಾರು ಅರ್ಧಕ್ಕಿಳಿದು ಹಂದರ ಕುಸಿಯಬಹುದು. ಅದಕ್ಕೂ ಮೊದಲೇ ಹೊಗೆ ಕುದುರೆಯನ್ನು ಕೊಲ್ಲುತ್ತದೆ. ನಮ್ಮಲ್ಲಿ ಕೊಟ್ಟಿಗೆಯ ಅಟ್ಟದ ಮೇಲೆ ಹುಲ್ಲು ತುಂಬುವ ರೂಢಿ ಇದೆಯಲ್ಲ, ಅದನ್ನು ಅಲ್ಲಿಗೆ ಒಯ್ಯುವುದು ಬೇಡ. ಸರಿಯಾಗಿ ಒಣಗದ ಹುಲ್ಲಿನ ಕಟ್ಟು ತನ್ನಷ್ಟಕ್ಕೇ ಕಾದು ಹೊತ್ತಿಕೊಳ್ಳುತ್ತದೆ. ಹುಲ್ಲಿಗೆ ಬೇರೆಯೇ ಮನೆ, ದೂರದಲ್ಲಿ.

ಪ್ರಶ್ನೆ: ಯಲ್ಲಾಪುರದಿಂದ. ಹಳೇ ಕೊಟ್ಟಿಗೆಯ ಕಂಬಗಳನ್ನು ಒರಲೆ ತಿಂದಿದೆ. ನಾಲ್ಕು ಮಲೆನಾಡು ಗಿಡ್ಡ ಹಸು ಇವೆ. ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ್ದು) ಹಾಕಿ ಶೀಟು ಹೊದೆಸಬಹುದಾ?

ಉತ್ತರ: ಪೈಪು ಹಾಕಿ. ಶೀಟು ಹಾಕುವ ಮೊದಲು ನನ್ನ ಕಥೆ ಕೇಳಿ.

ನಾನೂ ಹಾಗೇ ಮಾಡಿದ್ದೆ. ಒಳ್ಳೇ ಮಂಗಳೂರು ಹಂಚು ಇಳಿಸಿ, ಪಕಾಸಿ ರೀಪು ಎಲ್ಲಾ ಸೌದೆಗೆ ಹಾಕಿ, ತಗಡು ಹೊದೆಸಿದೆ. ಏಪ್ರಿಲ್ ಬಂತು, ಮಧ್ಯಾಹ್ನ ಹಸುಗಳು ನಾಲಿಗೆ ಹೊರಹಾಕಿ ಏದುಸಿರು ಬಿಟ್ಟವು. ಜುಲೈ ಬಂತು, ಮಳೆಯ ಸದ್ದಿಗೆ ಹೊಸ ಕರು ರಾತ್ರಿಯಿಡೀ ನಿಂತೇ ಇತ್ತು. ಡಿಸೆಂಬರಿನಲ್ಲಿ ಇಬ್ಬನಿ ತಗಡಿನಡಿ ಹನಿಗಟ್ಟಿ ಹಸುಗಳ ಮೈಮೇಲೆ ಬಿತ್ತು. ಮೇಲೆ ಬರೆದ ಆಲ್ಬರ್ಟಾದ ಕಥೆಯೇ ಸಣ್ಣ ಪ್ರಮಾಣದಲ್ಲಿ ನಮ್ಮನೆ ಕೊಟ್ಟಿಗೆಯಲ್ಲಿ ನಡೆದಿತ್ತು, ಆಗ ನನಗೆ ಕಾರಣ ತಿಳಿದಿರಲಿಲ್ಲ. ಆರನೇ ವರ್ಷ ಇನ್ನೊಂದು ಪೆಟ್ಟು. ಕಂಬದ ಪೈಪನ್ನು ನೇರ ನೆಲದಲ್ಲೇ ಹುಗಿದಿದ್ದರು, ಗಂಜಲ ನಿಲ್ಲುವಲ್ಲೇ ಎರಡು ಪೈಪು ತೂತಾದವು. ವೆಲ್ಡಿಂಗ್ ಮಾಡಿದಲ್ಲಿ ಸತುವಿನ ಲೇಪ ಸುಟ್ಟುಹೋಗುತ್ತದೆ, ಅದಕ್ಕೆ ಸತುವಿನ ಬಣ್ಣ ಬಳಿಯಬೇಕು ಅಂತ ಕೆಲಸದವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಮಾಡುವುದಾದರೆ ಹೀಗೆ ಮಾಡುತ್ತೇನೆ. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕಾಂಕ್ರೀಟ್ ಕಾಲು, ಅದರ ಮೇಲೆ ಪೈಪು. ಪೈಪಿನ ಮೇಲ್ಬಾಯಿ ಮುಚ್ಚಿರಬೇಕು, ಇಲ್ಲವಾದರೆ ಮಳೆನೀರು ಒಳಗಿಳಿದು ಒಳಗಿಂದಲೇ ತುಕ್ಕು ತಿನ್ನುತ್ತದೆ. ಹಂದರ ಸ್ಟೀಲಿನದ್ದು, ಹೊದಿಕೆ ಅದೇ ಹಳೇ ಹಂಚು. ಹಂಚಿನ ಸಂದಿನಿಂದ ಆವಿ ತಾನಾಗಿ ಹೊರಗೆ ಹೋಗುತ್ತದೆ, ಒರಲೆ ಕಾಟವೂ ಇಲ್ಲ. ಶೀಟೇ ಹಾಕಬೇಕಾದರೆ ಅಲ್ಯೂಮಿನಿಯಂ ಮತ್ತು ಸತು ಬೆರೆತ ಲೇಪದ ಹೊಳೆಯುವ ಶೀಟನ್ನು ಮುಚ್ಚಿದ ಕೊಟ್ಟಿಗೆಗೆ ತರಬೇಡಿ. ಮನೆಗೆ, ಗೋದಾಮಿಗೆ ಅದು ಚೆನ್ನಾಗಿಯೇ ಬಾಳುತ್ತದೆ, ಆದರೆ ಗಂಜಲದ ಅಮೋನಿಯಾ ಆ ಲೇಪವನ್ನು ತಿನ್ನುತ್ತದೆ. ಗೋದಲಿ, ಗೂಟ, ಹಸು ಮೈ ಉಜ್ಜುವ ಅಡ್ಡಹಲಗೆ ಮರದ್ದೇ ಇರಲಿ. ಹಳೇ ಮತ್ತಿ, ಹೊನ್ನೆ ಹಲಗೆಗಳಲ್ಲಿ ಗಟ್ಟಿ ಇರುವುದನ್ನು ಆರಿಸಿ ಇಟ್ಟುಕೊಳ್ಳಿ, ಈಗ ಅಂಥ ಮರ ಸಿಗುವುದು ಕಷ್ಟ. ಬೆಟ್ಟದ ಮರಕ್ಕೆ ಕೈ ಹಾಕುವುದಾದರೆ ಅರಣ್ಯ ಇಲಾಖೆಯ ಪರವಾನಗಿ ಮೊದಲು. ದರಕು, ಅಂದರೆ ಉದುರಿದ ಒಣ ಎಲೆ, ಹಾಸುವುದನ್ನಂತೂ ಬಿಡಬೇಡಿ. ತೇವ ಹೀರಲು ಅದರಷ್ಟು ಒಳ್ಳೇದು ಇನ್ನೊಂದಿಲ್ಲ, ಗೊಬ್ಬರಗುಂಡಿಗೂ ಅದೇ ಬೇಕು.

ಪ್ರಶ್ನೆ: ಕಾರವಾರದಿಂದ. ಸಮುದ್ರಕ್ಕೆ ಅರ್ಧ ಕಿಲೋಮೀಟರ್ ದೂರದಲ್ಲಿ ನಮ್ಮ ಜಾಗ. ಎರಡು ಕುದುರೆ ತರುವ ಯೋಚನೆ ಇದೆ. ಸ್ಟೀಲ್ ಶೆಡ್ ಬೇಗ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ.

ಉತ್ತರ: ಬೇಗ ಆಗುತ್ತದೆ, ಬೇಗ ಹೋಗುತ್ತದೆ ಕೂಡ. ಉಪ್ಪುಗಾಳಿಗೆ ತುಕ್ಕು ಹಿಡಿಯುವುದು ಮಳೆ ಬೀಳುವ ಮೇಲ್ಮೈಗಿಂತ ಮಳೆ ತಾಗದ ಸೂರಿನಡಿಯಲ್ಲೇ ಜಾಸ್ತಿ, ಯಾಕೆಂದರೆ ಅಲ್ಲಿ ಕೂತ ಉಪ್ಪನ್ನು ತೊಳೆಯುವವರೇ ಇಲ್ಲ. ನಿಮ್ಮ ಕುದುರೆಗೆ ಕಷ್ಟ ಕೊಡುವುದು ಚಳಿಯಲ್ಲ, ಸೆಖೆ. ಚಿರೆಕಲ್ಲಿನ ದಪ್ಪ ಗೋಡೆ, ಹಂಚಿನ ಎತ್ತರದ ಮಾಡು, ಸಮುದ್ರದ ಗಾಳಿ ಆಚೆಯಿಂದ ಈಚೆಗೆ ದಾಟುವ ಹಾಗೆ ಎದುರುಬದುರು ಕಿಂಡಿ. ಒಂದು ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲ ಬಿಡಿ. ಬೋಲ್ಟು, ತಿರುಗಣಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ ತನ್ನಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ 304 ಸಮುದ್ರದ ಹತ್ತಿರ ಕಂದು ಕಲೆ ಹಿಡಿಯುತ್ತದೆ. ಬಾಗಿಲು ಚೌಕಟ್ಟಿಗೆ ಸ್ಟೀಲ್ ಬೇಕೇ ಬೇಕಾದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದೇ ಆಗಬೇಕು, ತೆಳ್ಳನೆ ಪ್ಲೇಟಿಂಗ್ ಮಾಡಿದ್ದು ಉಳಿಯುವುದಿಲ್ಲ. ತಿಂಗಳಿಗೊಮ್ಮೆ ಸೂರಿನಡಿಗೆ ಸಿಹಿನೀರು ಹೊಡೆಯಿರಿ.

ನಮ್ಮ ಕರಾವಳಿಗೆ ಕುದುರೆ ಹೊಸದೇನಲ್ಲ. ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ರೇವುಗಳಲ್ಲಿ ಭಟ್ಕಳ, ಹೊನ್ನಾವರಗಳೂ ಇದ್ದವು. ಇಲ್ಲಿಳಿದು ಘಟ್ಟ ಹತ್ತಿ ಹೋಗುತ್ತಿದ್ದವು. ನೀವು ಕುದುರೆ ತರುತ್ತೀರಿ ಅಂತ ಓದಿ ನನಗೆ ಅದೇ ನೆನಪಾಗಿ ಖುಷಿಯಾಯಿತು. ಮಳೆಗಾಲ ಮುಗಿದ ಮೇಲೆ ತನ್ನಿ, ಹೊಸ ಜಾಗಕ್ಕೆ ಒಗ್ಗಿಕೊಳ್ಳಲು ಸುಲಭ.

ಪ್ರಶ್ನೆ: ಕುಮಟಾದಿಂದ. ಕೊಟ್ಟಿಗೆಯ ಮರಕ್ಕೆ ಅಜ್ಜ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚುತ್ತಿದ್ದರು. ಈಗಲೂ ಹಚ್ಚಬಹುದಾ?

ಉತ್ತರ: ಜಂತಿ, ಪಕಾಸಿ, ಕಂಬದ ಮೇಲ್ಭಾಗಕ್ಕೆ ಧಾರಾಳವಾಗಿ ಹಚ್ಚಿ. ದೋಣಿಗೆ ಹಚ್ಚುತ್ತಿದ್ದದ್ದೂ ಅದನ್ನೇ, ಹುಳ ಮುಟ್ಟುವುದಿಲ್ಲ. ಗೋದಲಿಗೆ, ದನ ನೆಕ್ಕುವ ಅಥವಾ ಮೈ ಉಜ್ಜುವ ಹಲಗೆಗೆ ಮಾತ್ರ ಬೇಡ, ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ನೀವೂ ಕೈಗೆ ಗ್ಲೌಸ್ ಹಾಕಿಕೊಳ್ಳಿ, ಮುಖ, ಮೊಣಕೈಗೆ ಮೊದಲೇ ತೆಂಗಿನೆಣ್ಣೆ ಸವರಿಕೊಳ್ಳಿ. ಪೂರ್ತಿ ಒಣಗುವವರೆಗೆ ದನಗಳನ್ನು ಬೇರೆ ಕಡೆ ಕಟ್ಟಿ.