95 ಲೀಟರ್ ಬೋರ್ಡು ಅಟ್ಟದಲ್ಲೇ ಇರಲಿ, ಮೊದಲು ಮಾಸ್ಟ್ ನೋಡಿ

ನಿಮ್ಮ ಪ್ರಶ್ನೆ ಓದುತ್ತಲೇ ನನ್ನ ಬಲ ಮೊಣಕೈ ಒಮ್ಮೆ ಚುಳ್ಳೆಂದಿತು. ಇಪ್ಪತ್ತು ವರ್ಷ ಬಿಟ್ಟು 48ರಲ್ಲಿ ಮತ್ತೆ ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಬೋರ್ಡಿನ ಮೇಲೆ ನಿಂತು ನೀರಲ್ಲಿ ಸಾಗುವ ಆಟ), ತೂಕ 84 ಕಿಲೋ, ಅಟ್ಟದ ಮೇಲೆ ಹಳೆಯ 95 ಲೀಟರ್ ಬೋರ್ಡು, ಹಳೆಯ ಮಾಸ್ಟು, ಅಂದರೆ ಹಾಯಿಗಂಬ. ಒಂದು ಸೆಕೆಂಡ್‌ಹ್ಯಾಂಡ್ 6.5 ಚದರ ಮೀಟರ್ ಹಾಯಿ ಕೊಂಡರೆ ಸಾಕೇ, ಈ ವಯಸ್ಸಿಗೆ ತೋಳು ತಡೆದುಕೊಳ್ಳುತ್ತವೆಯೇ ಅಂತ ಕೇಳಿದ್ದೀರಿ. ಅಂಕಿಗಳನ್ನು ಚೂರು ಬದಲಿಸಿದರೆ ಅದು ನಾನೇ.

ತೋಳಿನ ಪ್ರಶ್ನೆಯನ್ನು ಪಕ್ಕಕ್ಕಿಡಿ. ನಾನೂ ಎರಡು ಸೀಸನ್ ವಯಸ್ಸನ್ನೇ ಬೈದುಕೊಂಡೆ. ತಪ್ಪಿದ್ದದ್ದು ಮಾಸ್ಟಿನಲ್ಲಿ. ಹಾಯಿಯ ಮೇಲೂ 460 ಸೆಂ.ಮೀ. ಅಂತಿತ್ತು, ನನ್ನ ಹಳೇ ಮಾಸ್ಟಿನ ಮೇಲೂ 460 ಅಂತಿತ್ತು. ಇನ್ನೇನು ಬೇಕು ಅಂತ ತೂರಿಸಿದೆ. ಉದ್ದ ಹೊಂದಿತು, ಬಾಗು ಹೊಂದಲಿಲ್ಲ.

ಇದನ್ನು ಬಿಡಿಸಿ ಹೇಳಲೇಬೇಕು. ಹಾಯಿಯ ಮುಂದಿನ ಅಂಚು ನೇರವಾಗಿರುವುದಿಲ್ಲ, ಕಮಾನಿನಂತೆ ಕತ್ತರಿಸಿರುತ್ತಾರೆ. ಕೆಳಗಿನಿಂದ ಡೌನ್‌ಹಾಲ್ ಹಗ್ಗ ಎಳೆದಾಗ ಮಾಸ್ಟ್ ಆ ಕಮಾನಿಗೆ ತಕ್ಕಂತೆ ಬಾಗಿದರೆ ಮಾತ್ರ ಹಾಯಿಯ ಮೇಲ್ಭಾಗ ಸಡಿಲವಾಗುತ್ತದೆ. ಗಾಳಿ ಜೋರಾಗಿ ಬಡಿದಾಗ ಆ ಸಡಿಲ ತುದಿ ತಾನಾಗಿ ತಿರುಚಿಕೊಂಡು ಹೆಚ್ಚಾದದ್ದನ್ನು ಚೆಲ್ಲಿಬಿಡುತ್ತದೆ. ಮಾಸ್ಟ್ ಗಟ್ಟಿಯಾಗಿ ಬಾಗದೇ ನಿಂತರೆ ಹಾಯಿ ಚೀಲದಂತೆ ಉಬ್ಬುತ್ತದೆ, ಹಿಂದಿನ ಅಂಚು ಬಿಗಿಯಾಗಿಯೇ ಉಳಿಯುತ್ತದೆ, ಎಳೆತದ ಕೇಂದ್ರ ಹಿಂದಕ್ಕೂ ಮೇಲಕ್ಕೂ ಸರಿಯುತ್ತದೆ. ಆಮೇಲೆ ಪ್ರತಿ ಹೊಡೆತವನ್ನೂ ಹೊರುವುದು ನಿಮ್ಮ ಹಿಂದಿನ ಕೈ. ನನ್ನ ಮೊಣಕೈಯ ಸ್ನಾಯುರಜ್ಜು ಹೋದದ್ದು ಹೀಗೆ.

ಹಾಗಾಗಿ ಹಾಯಿ ಕೊಳ್ಳುವ ಮುಂಚೆ ಅದರ ಕೆಳತುದಿಯ ಹತ್ತಿರ ಅಥವಾ ಚೀಲದ ಮೇಲೆ ಅಚ್ಚಾದದ್ದನ್ನು ಓದಿ. ಲಫ್ (ಹಾಯಿಯ ಮುಂದಿನ ಅಂಚು) ಉದ್ದ, ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡಕೋಲು) ಉದ್ದ, ಮಾಸ್ಟ್ ಉದ್ದ, ಐಎಂಸಿಎಸ್ ಎಲ್ಲವೂ ಅಲ್ಲಿರುತ್ತದೆ. ಐಎಂಸಿಎಸ್ ಎಂದರೆ ಮಾಸ್ಟಿನ ಬಿಗುವಿನ ಅಳತೆ. ಸಾಮಾನ್ಯವಾಗಿ 400ಕ್ಕೆ 19, 430ಕ್ಕೆ 21, 460ಕ್ಕೆ 25. ಅದರ ಮೇಲೆ ಬಾಗುವ ಬಗೆ ಬೇರೆ: ಕೆಲವು ಮಾಸ್ಟ್ ಉದ್ದಕ್ಕೂ ಸಮನಾಗಿ ಬಾಗುತ್ತವೆ, ಕೆಲವು ತುದಿಯಲ್ಲಿ ಮೆತ್ತಗೆ, ಕೆಲವು ತುದಿಯಲ್ಲೇ ಗಟ್ಟಿ. ಇಷ್ಟೆಲ್ಲ ತಲೆಬಿಸಿ ಬೇಡ ಅನ್ನಿಸಿದರೆ ಹಾಯಿಯನ್ನೂ ಮಾಸ್ಟನ್ನೂ ಒಬ್ಬರೇ ಮಾರುತ್ತಿರುವ ಕಡೆ ಜೋಡಿಯಾಗಿ ಕೊಳ್ಳಿ. ಉದ್ದದ ಲೆಕ್ಕ ಸುಲಭ: ಲಫ್ 466 ಇದ್ದು ಮಾಸ್ಟ್ 430 ಆದರೆ ಮಾಸ್ಟಿನ ಬುಡಕ್ಕೆ ಸೇರಿಸುವ ಎಕ್ಸ್‌ಟೆನ್ಶನ್ ಕೊಳವೆಯನ್ನು 36 ಸೆಂ.ಮೀ.ಗೆ ಇಡಬೇಕು.

ಕಟ್ಟುವಾಗ ನಮ್ಮ ಹಳೇ ಅಭ್ಯಾಸ ಕೈಕೊಡುತ್ತದೆ. ಆಗೆಲ್ಲ ಮುಂದಿನ ಅಂಚಿನ ಸುಕ್ಕು ಹೋಗುವ ತನಕ ಎಳೆದು ನಿಲ್ಲಿಸುತ್ತಿದ್ದೆವು. ಈಗಿನ ಹಾಯಿಗೆ ಅದು ಅರ್ಧ ಕೆಲಸ. ನೆಲದ ಮೇಲೆ ಕೂತು, ಮಾಸ್ಟಿನ ಬುಡಕ್ಕೆ ಒಂದು ಪಾದ ಒದ್ದು ಹಿಡಿದು, ಹಗ್ಗದ ತುದಿಯನ್ನು ಹಾರ್ನೆಸ್‌ನ (ಮೈಗೆ ಕಟ್ಟುವ ಪಟ್ಟಿಯ) ಕೊಕ್ಕೆಗೆ ಸುತ್ತಿ, ಕಾಲಿನ ಬಲದಿಂದ ಎಳೆಯಿರಿ. ಬೆನ್ನು ಬಳಸಬೇಡಿ. ಮೇಲಿನ ಎರಡು ಬ್ಯಾಟನ್‌ಗಳ (ಹಾಯಿಯೊಳಗಿನ ಅಡ್ಡಪಟ್ಟಿಗಳ) ನಡುವೆ ಹಿಂದಿನ ಅಂಚು ಒದ್ದೆ ಬಟ್ಟೆಯಂತೆ ಜೋಲುಬೀಳಬೇಕು. ಬೂಮಿನ ಮೇಲಿರುವ ಬ್ಯಾಟನ್ನಿನ ಮೂತಿ ಮಾಸ್ಟಿನ ನಡುಮಧ್ಯವನ್ನು ದಾಟಿ ಚಾಚಿದ್ದರೆ ಇನ್ನೂ ಎಳೆಯಬೇಕು. ನೆಲದ ಮೇಲೆ ನೋಡಿದರೆ ಹಾಯಿ ಕೆಟ್ಟುಹೋಗಿದೆ ಅನ್ನಿಸುತ್ತದೆ, ಅನ್ನಿಸಲಿ. ಹಗ್ಗ ಪೂರ್ತಿ ಎಳೆದರೂ ಜೋಲು ಬರುತ್ತಿಲ್ಲವೆಂದರೆ ಮಾಸ್ಟ್ ಹೊಂದಿಲ್ಲ. ನನಗೆ ಅದು ಮೊದಲ ದಿನವೇ ಕಂಡಿತ್ತು. ಹಾಯಿ ಹಳತಾಗಿದೆ ಅಂದುಕೊಂಡೆ.

ಬೋರ್ಡಿನ ವಿಷಯ ಬೇಗ ಮುಗಿಸುತ್ತೇನೆ. ನೀವು 84, ಬೋರ್ಡು ಸುಮಾರು 8, ಹಾಯಿ ಮಾಸ್ಟ್ ಬೂಮ್ ಸೇರಿ ಇನ್ನೊಂದು 9: ಒಟ್ಟು 101 ಕಿಲೋ. 95 ಲೀಟರ್ ಹೊರುವುದು ಹೆಚ್ಚುಕಡಿಮೆ 95 ಕಿಲೋ. ಅಂದರೆ ನಿಂತು ಹಾಯಿ ಎತ್ತುವಾಗ ಬೋರ್ಡು ನೀರಿನೊಳಗೇ ಇರುತ್ತದೆ. ಯೌವನದಲ್ಲಿ ನೀರಿನಿಂದಲೇ ಹಾಯಿ ಹಿಡಿದು ಏಳುತ್ತಿದ್ದಿರಿ, ಅದಕ್ಕೆ ಗೊತ್ತಾಗಲಿಲ್ಲ. ಈಗ 145–150 ಲೀಟರ್, ಅಗಲ 70 ಸೆಂ.ಮೀ.ಗಿಂತ ಹೆಚ್ಚು, ನಡುವೆ ಡ್ಯಾಗರ್‌ಬೋರ್ಡ್ (ನೀರಿಗೆ ಇಳಿಬಿಡುವ ಹಲಗೆ) ಇದ್ದರೆ ಇನ್ನೂ ಒಳ್ಳೆಯದು. 2000ದ ನಂತರ ಬೋರ್ಡುಗಳು ಗಿಡ್ಡವೂ ಅಗಲವೂ ಆದವು, ಆ ಕಾಲದವು ಈಗ ಅಗ್ಗಕ್ಕೆ ಸಿಗುತ್ತವೆ. ಮೆಲುಗಾಳಿಯೇ ಹೆಚ್ಚಿದ್ದರೆ 1996ರಿಂದ 2004ರ ತನಕ ಒಲಿಂಪಿಕ್ಸ್‌ನಲ್ಲಿದ್ದ ಮಿಸ್ಟ್ರಲ್ ಒನ್ ಡಿಸೈನ್‌ನಂಥ ಉದ್ದನೆಯದೂ ಆದೀತು, 3.72 ಮೀಟರ್, ಹೊತ್ತು ತರಲು ಜೊತೆಗೊಬ್ಬರು ಬೇಕು ಅಷ್ಟೇ. ಕೊಳ್ಳುವಾಗ ಹಿಮ್ಮಡಿ ಬೀಳುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ. ಮೆತ್ತಗೆ ಒಳಗೆ ಹೋದರೆ ಪದರ ಬಿಟ್ಟಿದೆ, ಬೇಡ. ಮಾಸ್ಟ್ ಕೂರುವ ಟ್ರ್ಯಾಕ್ ಮತ್ತು ಅಡಿಯ ಫಿನ್ (ರೆಕ್ಕೆ) ಕೂರುವ ಪೆಟ್ಟಿಗೆಯ ಸುತ್ತ ಕೂದಲೆಳೆಯ ಬಿರುಕು ಹುಡುಕಿ. ಸಾಧ್ಯವಾದರೆ ತೂಗಿ, ಅಚ್ಚಾದ ತೂಕಕ್ಕಿಂತ ಎರಡು ಮೂರು ಕಿಲೋ ಜಾಸ್ತಿ ಇದ್ದರೆ ಒಳಗಿನ ಫೋಮ್ ನೀರು ಕುಡಿದಿದೆ.

ಹಾಯಿಯ ಪಾರದರ್ಶಕ ಹಾಳೆ ಹಾಲುಬಣ್ಣಕ್ಕೆ ತಿರುಗಿ, ಬೆರಳಿನಿಂದ ಮಡಚಿದರೆ ಚರಚರ ಅಂದರೆ ಬಿಸಿಲು ತಿಂದಿದೆ, ಒಂದು ಬೀಳಿಗೆ ಸೀಳುತ್ತದೆ. ಬೂಮ್ ಹಳೆಯದಾದರೂ ನಡೆಯುತ್ತದೆ, ಮುಂದೆ ಹಗ್ಗದಿಂದ ಕಟ್ಟುವುದು ಮಾತ್ರ ಬೇಡ, ಕ್ಲ್ಯಾಂಪ್ ಇರಲಿ. ಹಾರ್ನೆಸ್ ಸೊಂಟದ್ದಲ್ಲ, ಕೂರುವ ಬಗೆಯದು. ಭಾರ ಸೊಂಟದ ಕೆಳಗೆ ಇಳಿದು ಬೆನ್ನಿಗೆ ಬಿಡುವು ಸಿಗುತ್ತದೆ.

ಹೊಸದೇ ಬೇಕಾದದ್ದು ಒಂದೇ: ಮಾಸ್ಟನ್ನು ಬೋರ್ಡಿಗೆ ಸೇರಿಸುವ ರಬ್ಬರ್ ಕೀಲು. ಅಟ್ಟದಲ್ಲಿರುವುದನ್ನು ತೊಂಬತ್ತು ಡಿಗ್ರಿ ಬಗ್ಗಿಸಿ ನೋಡಿ, ನಡುವಿನಲ್ಲಿ ಸಣ್ಣ ಬಿರುಕುಗಳು ಬಾಯಿ ತೆರೆಯುತ್ತವೆ. ಅದು ತುಂಡಾದರೆ ಹಾಯಿ ಒಂದು ಕಡೆ, ಬೋರ್ಡು ಒಂದು ಕಡೆ, ನಡುವೆ ನೀವು. ಹೊಸದರಲ್ಲೂ ಸುರಕ್ಷತಾ ಪಟ್ಟಿ ಇದೆಯೇ ಖಚಿತಪಡಿಸಿಕೊಳ್ಳಿ. ಮೊದಲ ಹತ್ತು ಸಲ 8ರಿಂದ 12 ನಾಟ್ ಗಾಳಿಯಲ್ಲಿ, ದಡದಿಂದ ಹೊರಕ್ಕೆ ಬೀಸದ ದಿನ ಮಾತ್ರ ಇಳಿಯಿರಿ.

ಹಾಯಿ ಸಿಕ್ಕಿದ ಮೇಲೆ, ದುಡ್ಡು ಕೊಡುವ ಮೊದಲು, ಅದರ ಲಫ್ ಉದ್ದವನ್ನೂ ನಿಮ್ಮ ಮಾಸ್ಟಿನ ಮೇಲಿನ ಐಎಂಸಿಎಸ್ ಅಂಕಿಯನ್ನೂ ಇಲ್ಲೇ ಬರೆಯಿರಿ. ಮಾಸ್ಟಿನ ಮೇಲೆ ಅಂಥ ಅಂಕಿಯೇ ಇಲ್ಲದಿದ್ದರೆ, ನನ್ನದರ ಮೇಲೂ ಇರಲಿಲ್ಲ.