ದೀಪ ನೋಡಾಕ ಕೊಪ್ಪಳಕ್ಕೆ ಬರೋರು ಬಿಸಿಲಿರುವಾಗಲೇ ಬರ್ರಿ

ಬಳ್ಳಾರಿಯಿಂದ ಕೊಪ್ಪಳದ ಜಾತ್ರೆಗೆ ಬರೋ ನಿಮ್ಮ ಪ್ಲ್ಯಾನು ಓದಿ ನಮ್ಮದೇ ಹಳೇ ಪ್ಲ್ಯಾನು ನೆನಪಾಯ್ತು. ಗವಿಮಠದ, ಅಂದ್ರೆ ಗವಿಸಿದ್ಧೇಶ್ವರ ಮಠದ, ತೇರಿನ ದಿನ ಊಟ ಮುಗಿಸಿ ಬಳ್ಳಾರಿ ಬಿಡೋದು, ಕತ್ತಲಾಗೋ ಹೊತ್ತಿಗೆ ಕೊಪ್ಪಳ ಮುಟ್ಟಿ ಲೈಟಿಂಗ್ ನೋಡೋದು, ಸಾಧ್ಯವಾದ್ರೆ ಕೋಟೇನೂ ಸೇರಿಸೋದು, ಅದೇ ರಾತ್ರಿ ವಾಪಸ್. ನಿಮ್ಮ ಜೊತೆಗೆ ಎಪ್ಪತ್ತು ದಾಟಿದ ಅಪ್ಪ-ಅಮ್ಮ, ಮಕ್ಕಳು. ಕಾರು ಎಲ್ಲಿ ನಿಲ್ಲಿಸಬೇಕು ಅಂತ ಕೇಳಿದ್ದೀರಿ. ಕಾರಿನ ಮಾತು ಆಮೇಲೆ. ಮೊದಲು ಆ ದಿನ ಬಿಡ್ರಿ, ಆ ಹೊತ್ತೂ ಬಿಡ್ರಿ.

ಆಗ ನಾವೂ ಬಳ್ಳಾರಿಯಲ್ಲೇ ಇದ್ವಿ. ನಮ್ಮತ್ತಿಯ ತವರು ಯಲಬುರ್ಗಾ ಕಡೆ ಹಳ್ಳಿ. ಸಣ್ಣಾಕಿ ಇದ್ದಾಗ ಅಪ್ಪನ ಜೊತೆ ಚಕ್ಕಡಿಯಲ್ಲಿ, ದಾಸೋಹಕ್ಕೆ ಕೊಡೋ ರೊಟ್ಟಿಗಂಟು ತೊಡೆ ಮೇಲಿಟ್ಟುಕೊಂಡು ಜಾತ್ರೆಗೆ ಬಂದವರು. ಮದುವೆಯಾಗಿ ಬಳ್ಳಾರಿ ಸೇರಿದ ಮೇಲೆ ಬರೋದು ತಪ್ಪಿತ್ತು. ಬನದ ಹುಣ್ಣಿಮೆ ಹತ್ತಿರ ಬಂತಂದ್ರೆ ಒಂದೇ ಮಾತು: "ಒಮ್ಮೆ ಆ ಗುಡ್ಡದ ಮ್ಯಾಲ ಕುಂತು ಜಾತ್ರಿ ನೋಡಬೇಕು ನೋಡ ಯವ್ವಾ." ಮೊಣಕಾಲು ನೋವು ಆಗಲೇ ಶುರುವಾಗಿತ್ತು. ಇನ್ನು ತಡ ಮಾಡಬಾರದು ಅಂತ ನಾನೇ ಎಲ್ಲರನ್ನೂ ಹೊರಡಿಸಿದೆ, ನಾನೇ ವೇಳೆ ಗೊತ್ತು ಮಾಡಿದೆ.

ನನ್ನ ಲೆಕ್ಕ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹಾಳೆ ಮೇಲೆ ಬರೆದು ನೋಡಿದ್ರೆ ಅದು ಸರಿಯಾಗೇ ಕಾಣ್ತದೆ, ನಿಮಗೂ ಹಂಗೇ ಕಂಡಿದೆ. ಜನವರಿಯಲ್ಲಿ ಇಲ್ಲಿ ಆರು ಗಂಟೆ ದಾಟುತ್ತಲೇ ಹೊತ್ತು ಮುಳುಗ್ತದೆ. ಏಳಕ್ಕೆ ಪೂರ್ತಿ ಕತ್ತಲು. ದೀಪ ಚಂದ ಕಾಣೋದು ಕತ್ತಲಲ್ಲಿ, ಹಂಗಾಗಿ ಏಳಕ್ಕೆ ಮುಟ್ಟಿದ್ರೆ ಸಾಕು. ಮುಂಚೆ ಹೋಗಿ ಬಿಸಿಲಲ್ಲಿ, ಧೂಳಲ್ಲಿ ವಯಸ್ಸಾದವರನ್ನ ಯಾಕೆ ಕೂರಿಸಬೇಕು? ಇಷ್ಟೇ ನನ್ನ ವಿಚಾರ. ಹೊರಡೋವಾಗ ಅತ್ತಿ ಅಂದ್ರು, "ಈಗ ಹೊಂಟ್ರ ತೇರು ತಪ್ಪತೈತಿ, ಮುಂಜಾನಿನ ಹೋಗೂದಿತ್ತು." ನಾನು, "ಅತ್ತೀ, ನಾವು ದೀಪ ನೋಡಾಕ ಹೊಂಟೀವ್ರಿ, ತೇರಿಗಲ್ಲ" ಅಂದೆ. ಇಡೀ ಮನೆಯಲ್ಲಿ ಆ ಜಾತ್ರೆ ಕಂಡಿದ್ದವರು ಅವರೊಬ್ಬರೇ. ಅವರ ಮಾತು ಬಿಟ್ಟು ನನ್ನ ಗಡಿಯಾರ ನಂಬಿದೆ.

ಆ ದಿನ ತೇರು ಎಳೆಯೋದು ಸಂಜೆ, ಇನ್ನೂ ಬೆಳಕಿರುವಾಗ. ಮಠದ ಮುಂದಿನ ಬಯಲಲ್ಲಿ ಲಕ್ಷಗಟ್ಟಲೆ ಜನ ಬೆಳಿಗ್ಗೆಯಿಂದ ಕಾದು ನಿಂತಿರ್ತಾರೆ, ತೇರು ಹೊರಟಾಗ ಉತ್ತತ್ತಿ, ಬಾಳೆಹಣ್ಣು ಎಸೀತಾರೆ. ತೇರು ಪಾದಗಟ್ಟೆ ಮುಟ್ಟಿ ತಿರುಗಿ ಬಂದ್ಮೇಲೆ ಆ ಜನವೆಲ್ಲ ಒಮ್ಮೆಲೇ ಊರ ಕಡೆ ಮುಖ ಮಾಡ್ತದೆ. ನಾವು ಏಳಕ್ಕೆ ಬಂದು ಮುಟ್ಟಿದ್ದು ಅದೇ ಹೊತ್ತಿಗೆ. ಗಾಡಿ ಊರ ಹೊರಗೇ ನಿಲ್ಲಿಸಬೇಕಾಯ್ತು. ಅಲ್ಲಿಂದ ನಡಿಗೆ, ಅದೂ ಎದುರಿಗೆ ಬರೋ ಜನದ ವಿರುದ್ಧ. ಅತ್ತಿಯ ಒಂದು ಕೈ ನಾನು, ಒಂದು ಕೈ ನಮ್ಮ ಮನೆಯವರು ಹಿಡಿದಿದ್ವಿ. ಕಣ್ಣಿಗೆ ಬಲ್ಬಿನ ಬೆಳಕು ಹೊಡೀತಿತ್ತು, ಕಾಲ ಕೆಳಗೆ ಮಾತ್ರ ಕತ್ತಲು. ಹಗ್ಗ, ಕಲ್ಲು, ತೆಗ್ಗು ಯಾವುದೂ ತಿಳೀತಿರಲಿಲ್ಲ. ಒಂದು ಕಡೆ ಅವರ ಕಾಲು ಹೊರಳಿತು. ಬಾಗಿಲು ಹಾಕಿದ ಅಂಗಡಿ ಕಟ್ಟೆ ಮೇಲೆ ಕೂತರು, ಮೇಲೇಳೋಕೆ ಆಗಲಿಲ್ಲ. ಮಠದ ದೀಪ ದೂರದಲ್ಲಿ ಕಾಣ್ತಿತ್ತು, ಮುಟ್ಟೋಕೆ ಆಗಲಿಲ್ಲ. ಗದ್ದುಗೆ ದರ್ಶನ ಇಲ್ಲ, ದಾಸೋಹದ ತುತ್ತು ಇಲ್ಲ, ಹಂಗೇ ಬಳ್ಳಾರಿಗೆ ತಿರುಗಿದ್ವಿ. ಮೊದಲೇ ಸೋತಿದ್ದ ಮೊಣಕಾಲು ಆಮೇಲೆ ಮೆಟ್ಟಿಲು ಹತ್ತೋ ಸ್ಥಿತಿಗೆ ಬರಲೇ ಇಲ್ಲ. ಗುಡ್ಡದ ಮೇಲೆ ಕೂರಬೇಕು ಅನ್ನೋ ಅವರ ಆಸೆ ಅಲ್ಲಿಗೇ ನಿಂತಿತು. ಜನ ಹೆಚ್ಚಿದ್ರು ಅಂತ ನಾನು ಯಾರನ್ನೂ ದೂರೋದಿಲ್ಲ. ಜಾತ್ರೆ ಅಂದ ಮೇಲೆ ಜನ ಇರಬೇಕು. ಕತ್ತಲಾದ ಮೇಲೆ ಮುಟ್ಟಬೇಕು ಅಂದುಕೊಂಡಿದ್ದೇ ತಪ್ಪು.

ಆಮೇಲೆ ನಮ್ಮ ಮನೆಯವರ ಕೆಲಸ ಕೊಪ್ಪಳಕ್ಕೇ ಬಂತು, ಈಗ ನಾವು ಇಲ್ಲಿಯವರು. ಇಲ್ಲಿದ್ದು ತಿಳಿದುಕೊಂಡದ್ದನ್ನ ಹೇಳ್ತೀನಿ.

ತೇರು ಪುಷ್ಯ ಬಹುಳ ಬಿದಿಗೆಗೆ, ಅಂದ್ರೆ ಬನದ ಹುಣ್ಣಿಮೆ ಆದ ಕೂಡಲೇ. 2025ರಲ್ಲಿ ಜನವರಿ 15, 2026ರಲ್ಲಿ ಜನವರಿ 5. ಆದರೆ ಜಾತ್ರೆ ಅವತ್ತಿಗೇ ಮುಗಿಯೋದಿಲ್ಲ. ಮಹಾದಾಸೋಹ ಅವರಾತ್ರಿ ಅಮಾವಾಸ್ಯೆವರೆಗೂ, ಅಂದ್ರೆ ಪುಷ್ಯದ ಅಮಾವಾಸ್ಯೆವರೆಗೂ, ನಡೀತದೆ. ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ರೊಟ್ಟಿ ಬರ್ತವೆ, ಕಾಳು ಬರ್ತವೆ, ಗೋಧಿ-ಬೆಲ್ಲದ ಸಿಹಿ ಮಾದಲಿ ಬರ್ತದೆ. ನಿಮ್ಮಂಥವರು ಬರಬೇಕಾದ್ದು ಈ ದಿನಗಳಲ್ಲಿ: ತೇರಾಗಿ ನಾಲ್ಕೈದು ದಿನ ಬಿಟ್ಟು, ಅಮಾವಾಸ್ಯೆಯ ಗದ್ದಲಕ್ಕೆ ಮುಂಚೆ, ಶನಿವಾರ-ಭಾನುವಾರ ತಪ್ಪಿಸಿ.

ಕತ್ತಲು ಬೇಕು ಅಂತೀರಲ್ಲ, ಅದಕ್ಕೂ ಇವೇ ದಿನ ಸರಿ. ತೇರಿನ ರಾತ್ರಿ ಎಂಟರ ಸುಮಾರಿಗೆ ಇನ್ನೂ ತುಂಬಿದ ಚಂದ್ರ ಮೇಲೇಳ್ತಾನೆ. ಆಮೇಲೆ ದಿನಕ್ಕೆ ಮುಕ್ಕಾಲು ತಾಸಿಗೂ ಹೆಚ್ಚು ತಡ. ಅಷ್ಟಮಿ ಹೊತ್ತಿಗೆ ಅವನು ಬರೋದು ನಡುರಾತ್ರಿಗೆ. ಸಂಜೆ ಪೂರ್ತಿ ಕಪ್ಪು ಆಕಾಶ, ಅದರ ಕೆಳಗೆ ಮಠದ ದೀಪ. ಬೆಳದಿಂಗಳೂ ನೀರೂ ಒಟ್ಟಿಗೆ ನೋಡಬೇಕು ಅಂದ್ರೆ ತೇರಿಗೆ ಮುಂಚೆ ಕೆರೆಯಲ್ಲಿ ನಡೆಯೋ ತೆಪ್ಪೋತ್ಸವಕ್ಕೆ ಬರಬೇಕು. ಅದಕ್ಕೂ ಜನ ಸೇರ್ತಾರೆ, ವಯಸ್ಸಾದವರಿಗೆ ನಾನು ಹೇಳೋದಿಲ್ಲ.

ಈಗ ಹೊತ್ತು. ಮಧ್ಯಾಹ್ನ ಮೂರಕ್ಕೆ ನೀವು ಮಠದಲ್ಲಿರಬೇಕು. ಮೊದಲು ಗವಿಯ ಒಳಗೆ ಗದ್ದುಗೆ. ಆಮೇಲೆ ಕಾಲು ಗಟ್ಟಿ ಇದ್ದವರು ಗುಡ್ಡ ಹತ್ತಲಿ, ಮಕ್ಕಳಂತೂ ಹತ್ತಲೇಬೇಕು. ಅಲ್ಲಿ ಬಂಡೆ ಮೇಲೆ ಅಶೋಕನ ಶಾಸನ ಇದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೇದು. ಇದೂ, ಇದೇ ಊರಿನ ಪಾಲ್ಕಿಗುಂಡಿನ ಇನ್ನೊಂದೂ ಬೆಳಕಿಗೆ ಬಂದದ್ದು 1931ರಲ್ಲಿ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರೇ ಇದ್ದ ಶಾಸನ 1915ರಲ್ಲೇ ಸಿಕ್ಕಿತ್ತು. ನಿಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಅವನ ಶಾಸನಗಳಿವೆ, ಮಕ್ಕಳಿಗೆ ಅದನ್ನೂ ಹೇಳ್ರಿ. ಪಾಲ್ಕಿಗುಂಡಿನದು ಬಹಳ ಸವೆದಿದೆ, ಗವಿಮಠದ್ದು ಓದೋಕೆ ಸಿಕ್ಕಿದೆ. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರು ಪ್ರಯತ್ನಪಟ್ಟರೂ ಸ್ವರ್ಗ ಸಿಗ್ತದೆ ಅಂತ ಅದರಲ್ಲಿ ರಾಜ ಹೇಳಿಸಿದ್ದಾನೆ. ಅದೇ ಬಂಡೆಯ ಬುಡದಲ್ಲಿ ಲಕ್ಷಾಂತರ ಜನ ಒಂದೇ ಸಾಲಿನಲ್ಲಿ ಕೂತು ರೊಟ್ಟಿ ತಿಂತಾರೆ. ಇದನ್ನ ಯೋಚಿಸಿದಾಗೆಲ್ಲ ನನ್ನ ಮೈ ಜುಂ ಅಂತದೆ.

ಕಲ್ಲಿನಲ್ಲಿ ಕೊರೆದ ಅಕ್ಷರ ನೆತ್ತಿಬಿಸಿಲಿಗೆ ಮಾಸಿ ಹೋಗ್ತದೆ. ಬಿಸಿಲು ಓರೆಯಾದಾಗ ಗೆರೆಯಲ್ಲಿ ನೆರಳು ನಿಂತು ಎದ್ದು ಕಾಣ್ತದೆ. ಸಂಜೆಯ ಬೆಳಕು ಬಲ್ಬಿಗಿಂತ ಕಡಿಮೆ ಅಂತ ಯಾರೂ ಹೇಳಬೇಡ್ರಿ. ಕೊಪ್ಪಳದ ಬಂಡೆಗಳು ಆ ಹೊತ್ತಿಗೆ ಬೆಲ್ಲದ ಬಣ್ಣಕ್ಕೆ ತಿರುಗ್ತವೆ. ನೀವು ಲೈಟಿಂಗ್ ಅಂತ ಕೇಳಿದ್ರಲ್ಲ, ನನ್ನ ಪ್ರಕಾರ ಅದು ಅಲ್ಲಿಂದಲೇ ಶುರು. ಗುಡ್ಡ ಯಾವುದು, ಗವಿ ಎಲ್ಲಿ, ಕೆರೆ ಎಷ್ಟು ದೂರ ಹರಡಿದೆ ಅಂತ ಹಗಲಲ್ಲಿ ಕಣ್ಣಿಗೆ ಬಿದ್ದಿರಬೇಕು. ಆಮೇಲೆ ದೀಪ ಹತ್ತಿದಾಗ ಯಾವ ಸಾಲು ಮೆಟ್ಟಿಲಿನದು, ಯಾವುದು ಮಠದ ಗೋಡೆಯದು, ಯಾವುದು ನೀರಲ್ಲಿ ಕಾಣೋದು ಅಂತ ತಿಳೀತದೆ. ಕತ್ತಲಲ್ಲೇ ಬಂದವರಿಗೆ ಬರೀ ಬಣ್ಣದ ಬಲ್ಬು ಸಿಗ್ತವೆ. ಅಂಥವು ಬಳ್ಳಾರಿಯ ಯಾವ ಮದುವೆ ಹಾಲಿನಲ್ಲೂ ಇವೆ.

ಮಕ್ಕಳು ಮೇಲಿರುವಾಗ ಅಪ್ಪ-ಅಮ್ಮ ಕೆಳಗೆ ಕೆರೆ ದಂಡೆ ಕಡೆ ಕೂರಲಿ. ದಾಸೋಹಕ್ಕೆ ಹೊತ್ತು ಮುಳುಗೋ ಮುಂಚೆಯೇ ಹೋಗಿಬಿಡ್ರಿ, ನಿಂತು ಕಾಯೋದು ಕಡಿಮೆ. ಆಮೇಲೆ ದೀಪ ನೋಡ್ತಾ ಸಾವಕಾಶ ಒಂದು ಸುತ್ತು. ಶಾಲು, ಕಿವಿ ಮುಚ್ಚೋ ಟೊಪ್ಪಿಗೆ ಇಟ್ಟುಕೊಳ್ರಿ. ಹಗಲೆಲ್ಲ ಬಿಸಿಲು ಕಾದಿರ್ತದೆ ಅಂತ ಮೋಸ ಹೋಗಬೇಡ್ರಿ, ಜನವರಿ ರಾತ್ರಿ ಇಲ್ಲಿ ಬಂಡೆ ಬೇಗ ತಣ್ಣಗಾಗ್ತದೆ. ದಾರಿಯಲ್ಲಿ ಎಲ್ಲಾದ್ರೂ ಸೀತನಿ, ಅಂದ್ರೆ ಸುಟ್ಟ ಎಳೇ ಜೋಳದ ಕಾಳು, ಸಿಕ್ರೆ ಬಿಡಬೇಡ್ರಿ.

ಕೋಟೆ ಅದೇ ದಿನ ಬೇಡವೇ ಬೇಡ. ಅದು ಸುತ್ತಾಡೋ ಪಾರ್ಕಲ್ಲ, ಉಸಿರು ಕಟ್ಟಿಸೋ ಏರು. 1786ರಲ್ಲಿ ಟಿಪ್ಪು ಇದನ್ನ ತಗೊಂಡು ಫ್ರೆಂಚ್ ಎಂಜಿನಿಯರರಿಂದ ಗಟ್ಟಿ ಮಾಡಿಸಿದ. 1790ರಲ್ಲಿ ಇಂಗ್ಲಿಷರೂ ನಿಜಾಮನ ಸೈನ್ಯವೂ ಮುತ್ತಿಗೆ ಹಾಕಿದ್ದು, 1858ರಲ್ಲಿ ಇಂಗ್ಲಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯರು ಹೋರಾಡಿ ಪ್ರಾಣ ಬಿಟ್ಟದ್ದು ಇಲ್ಲೇ. ಇಂಥ ಜಾಗವನ್ನ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ಮುಗಿಸೋದು ಅದಕ್ಕೆ ಮರ್ಯಾದೆಯಲ್ಲ. ರಾತ್ರಿ ಇಲ್ಲೇ ಉಳಿದು, ಮರುದಿನ ತಂಪು ಹೊತ್ತಿನಲ್ಲಿ ನೀವೂ ಮಕ್ಕಳೂ ಮಾತ್ರ ಹತ್ತಿ ಬರ್ರಿ. ಉಳಿಯೋಕೆ ಆಗೋದಿಲ್ಲ ಅಂದ್ರೆ ಈ ಸಲ ಕೋಟೆ ಬಿಡ್ರಿ.

ನಮ್ಮತ್ತಿ ಈಗ ನಮ್ಮ ಜೊತೆ ಕೊಪ್ಪಳದಲ್ಲೇ ಇದ್ದಾರೆ. ಜಾತ್ರೆಯಲ್ಲಿ ಒಂದು ಕಡಿಮೆ ಜನದ ದಿನ ನೋಡಿ ಆಟೋದಲ್ಲಿ ಕರಕೊಂಡು ಹೋಗ್ತೀನಿ, ಹೊತ್ತು ಅವರೇ ಹೇಳ್ತಾರೆ. ಗುಡ್ಡ ಹತ್ತೋದಿಲ್ಲ, ಕೆಳಗೆ ಕೂತು ಮೇಲೆ ನೋಡ್ತಾರೆ. ಮಾದಲಿ ಹೇಗಾಗಿದೆ ಅಂತ ಅಲ್ಲಿನ ಹೆಣ್ಣುಮಕ್ಕಳ ಜೊತೆ ಮಾತಿಗಿಳೀತಾರೆ. ನಿಮ್ಮ ತಂದೆ ಮುಂಚೆ ಈ ಜಾತ್ರೆಗೆ ಬಂದವರು ಅಂತ ಬರೆದಿದ್ದೀರಿ. ಹಂಗಿದ್ರೆ ವೇಳೆ ಗೊತ್ತು ಮಾಡೋ ಮುಂಚೆ ಅವರನ್ನ ಕೇಳ್ರಿ. ನಾನು ಹೇಳಿದ್ದಕ್ಕಿಂತ ಅವರು ಬೇರೆ ಹೇಳಿದ್ರೆ ಅವರ ಮಾತೇ ನಡೀಲಿ.

ಇನ್ನು ಕಾರು. ತೇರಿನ ದಿನ ಅದು ಊರ ಹೊರಗೇ ನಿಲ್ಲೋದು, ಹತ್ತಿರ ಜಾಗ ಸಿಗ್ತದೆ ಅಂತ ಯಾರು ಹೇಳಿದ್ರೂ ನಂಬಬೇಡ್ರಿ. ಉಳಿದ ದಿನ ಇಷ್ಟು ತೊಂದರೆ ಇಲ್ಲ, ಆದರೂ ನಾನು ರೈಲೇ ಅಂತೀನಿ. ಹುಬ್ಬಳ್ಳಿ ಕಡೆ ಹೋಗೋ ಗಾಡಿ ಬಳ್ಳಾರಿಯಿಂದ ಹೊಸಪೇಟೆ ಮೇಲೆ ಬಂದು, ತುಂಗಭದ್ರೆ ದಾಟಿ, ಮುನಿರಾಬಾದ್ ಕಳೆದು ಕೊಪ್ಪಳಕ್ಕೆ ಬರ್ತದೆ. ವಯಸ್ಸಾದವರು ಕಾಲು ಚಾಚಿ ಕೂತು ಬರಬಹುದು. ಸ್ಟೇಷನ್ನಿನಿಂದ ಆಟೋ ಮಾಡ್ರಿ, ಹತ್ತೋ ಮುಂಚೆ ಮಠಕ್ಕೆ ಎಷ್ಟು ಹತ್ತಿರ ಬಿಡ್ತಾನೆ ಅಂತ ಕೇಳಿಕೊಳ್ರಿ. ಮಧ್ಯಾಹ್ನ ಮೂರಕ್ಕೆ ಮಠ ಮುಟ್ಟಿಸೋ ರೈಲು ಯಾವುದು ಅಂತ ಇವತ್ತೇ ನೋಡಿ ಟಿಕೆಟ್ ಮಾಡಿಸಿಬಿಡ್ರಿ.